ನಾಲ್ಕನೇ ನಂಬರಿನ ಚೀಟಿ

ಮೊಮ್ಮಕ್ಕಳೇ, ಹೋದ ತಿಂಗಳು ನಿಮ್ಮಲ್ಲಿ ದೊಡ್ಡವಳು ಯಾದಗಿರಿಯಿಂದ ಫೋನ್ ಮಾಡಿದಳು. ಕಾಲೇಜಿನ ಪುಸ್ತಕದಲ್ಲಿ ಉಪಗುತ್ತಿಗೆ ಎಂದು ಒಂದು ಪಾಠ ಬಂದಿದೆಯಂತೆ. "ಆಯಿ, ನೀನೂ ಸಬ್ ಕಾಂಟ್ರಾಕ್ಟರ್ ಇದ್ದಿಯಂತಲ್ಲ, ಎದುರು ಮನೆ ಖಾಲಾ ಹೇಳಿದ್ಲು. ಏನ್ ಮಾಡ್ತಿದ್ದಿ ಹೇಳು, ಬರಕೋತೀನಿ" ಎಂದಳು.

"ಏನಿಲ್ಲವ್ವ, ಕೌದಿ ಹೊಲಸ್ತಿದ್ದೆ" ಎಂದೆ. ಅವಳು ಇನ್ನೂ ಏನಾದರೂ ಹೇಳುತ್ತೇನೆಂದು ಕಾದಳು. ನಾನು ಊಟ ಆಯಿತೇ ಎಂದು ಕೇಳಿ ಫೋನಿಟ್ಟೆ.

ನನಗೆ ಮೊದಲಿನಿಂದಲೂ ಹೀಗೆ. ಎದುರಿಗೆ ಯಾರಾದರೂ ಉತ್ತರಕ್ಕೆ ಕಾದು ನಿಂತರೆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಬರೆಯುವುದಾದರೆ ಪರವಾಗಿಲ್ಲ. ಹುಣಸಗಿ ಕಡೆಯ ನನ್ನ ತವರೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಅಕ್ಷರ ದುಂಡಗಿತ್ತೆಂದು ಓಣಿಯವರೆಲ್ಲ ನನ್ನ ಕೈಯಿಂದ ಕಾಗದ ಬರೆಸುತ್ತಿದ್ದರು. ಆದ್ದರಿಂದ ಅವಳು ಕೇಳಿದ್ದನ್ನು ನಿಮ್ಮ ಮೂವರಿಗೂ ಬರೆದೇ ಇಡುತ್ತೇನೆ. ಇದರಲ್ಲಿ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ನಿಮ್ಮ ಅಪ್ಪನಿಗೂ ಹೇಳಿಲ್ಲ.

ಮೊದಲು ಇಲ್ಲಿ ಸುರಪುರದಲ್ಲಿ ಕೌದಿ ಹೊಲಿಸುವವರು ಹಳೆಯ ಸೀರೆ, ಧೋತರ, ಅಂಗಿಗಳನ್ನು ಗಂಟು ಕಟ್ಟಿಕೊಂಡು ಮನೆಗೇ ಬರುತ್ತಿದ್ದರು. ಇದು ಅತ್ತೆಯ ಸೀರೆ, ಇದನ್ನು ನಡುವೆ ಹಾಕು. ಇದು ಮೈದುನನ ಅಂಗಿ, ಇದನ್ನು ಕಾಲ ಕಡೆ ಹಾಕು. ಹೀಗೆ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದರು. ಹೊಲಿಗೆ ಸೊಟ್ಟಗಾದರೆ ಅಲ್ಲೇ ಬೈಯುತ್ತಿದ್ದರು, ನಾನು ಅಲ್ಲೇ ಬಿಚ್ಚುತ್ತಿದ್ದೆ. ಹೊಲಿಯುವವಳಿಗೂ ಹೊದೆಯುವವರಿಗೂ ನಡುವೆ ಯಾರೂ ಇರುತ್ತಿರಲಿಲ್ಲ. ನಮ್ಮ ಯಜಮಾನರು, ನಿಮ್ಮ ಮುತ್ಯಾ, ಶಾಲೆಯಲ್ಲಿ ಗಂಟೆ ಬಾರಿಸುವ ಕೆಲಸ ಮುಗಿಸಿ ಬಂದು, ಸಂಜೆ ನನ್ನ ಹತ್ತಿರ ಕುಳಿತು ತೇಪೆ ಕತ್ತರಿಸಿ ಕೊಡುತ್ತಿದ್ದರು. ಅವರ ಕತ್ತರಿ ಯಾವತ್ತೂ ನೇರ ಹೋದದ್ದಿಲ್ಲ. ಅವರು ಕತ್ತರಿಸಿದ ತೇಪೆಗಳನ್ನು ನಾನು ಅವರಿಗೆ ಗೊತ್ತಾಗದ ಹಾಗೆ ಕೌದಿಯ ಒಳಮಗ್ಗುಲಿಗೆ ಹಾಕುತ್ತಿದ್ದೆ. ಒಂದು ದಿನ ಅವರು, "ನನ್ ತ್ಯಾಪಿ ಒಂದರ ಮ್ಯಾಲ ಕಾಣಂಗ ಹಾಕು, ನೋಡೋಣ" ಎಂದರು. ಅಲ್ಲಿಯವರೆಗೂ ಗೊತ್ತಿದ್ದೂ ಸುಮ್ಮನಿದ್ದರು.

ಅವರು ತೀರಿಹೋದ ಮೇಲೆ ನಾನು ಕೌದಿಯನ್ನೇ ಹಿಡಿದುಕೊಂಡೆ. ನಮ್ಮ ಓಣಿಯ ಹೆಂಗಸರು ಕೂಡಿ ಒಂದು ಸಂಘ ಮಾಡಿದ್ದೆವು. ಯಾದಗಿರಿಯಲ್ಲಿ ಸಂಘಗಳ ಸಾಮಾನುಗಳನ್ನು ಪ್ರದರ್ಶನಕ್ಕೆ ಇಟ್ಟಾಗ ನಮ್ಮ ಕೌದಿಯನ್ನು ಶಹಾಪುರದ ಒಬ್ಬ ಬಟ್ಟೆ ಅಂಗಡಿಯವರು ನೋಡಿದರು. ಅವರಿಗೆ ಒಂದು ಕಂಪನಿಯ ಗುರುತಿತ್ತು. ದೊಡ್ಡ ಊರುಗಳ ಅಂಗಡಿಗಳಿಗೆ ಕೂಸುಗಳ ಕೌದಿ ಬೇಕಾಗಿದ್ದವಂತೆ. ಅಂಗಡಿಗಳು ಕಂಪನಿಗೆ ಹೇಳುತ್ತವೆ, ಕಂಪನಿ ಯಾದಗಿರಿಯ ತನ್ನ ಗೋದಾಮಿಗೆ ಹೇಳುತ್ತದೆ, ಗೋದಾಮಿನವರು ಶಹಾಪುರದವರಿಗೆ, ಅವರು ಸುರಪುರದಲ್ಲಿ ಒಬ್ಬರಿಗೆ, ಆ ಒಬ್ಬರು ಓಣಿಯ ಒಂಬತ್ತು ಹೆಂಗಸರಿಗೆ.

ಆ ಒಬ್ಬರು ಯಾರು ಎಂಬುದು ನಮ್ಮ ಪಡಸಾಲೆಯಲ್ಲೇ ನಿಶ್ಚಯವಾಯಿತು. ಎಲ್ಲರೂ ನಿಮ್ಮ ಖಾಲಾಳನ್ನು ತೋರಿಸಿದರು. ಎದುರು ಮನೆಯಾಕೆ, ಬಾಯಿ ಜೋರು, ಲೆಕ್ಕ ಚುರುಕು. ಮನೆಯಲ್ಲಿ ಉರ್ದು ಮಾತನಾಡಿದರೂ ಕನ್ನಡದಲ್ಲಿ ಜಗಳವಾಡಲು ನಮ್ಮ ಓಣಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಅಂಗಡಿಯವರು ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಈ ಅಕ್ಕಾರ ಇರ್ಲಿ. ಇವರು ಎದುರು ಮಾತಾಡಂಗಿಲ್ಲ" ಎಂದರು.

ಖಾಲಾ ನಕ್ಕಳು. "ಹೌದ್ರಿ ಸಾವ್ಕಾರ್ರ, ಅಕ್ಕ ಗೋಡಿ ಇದ್ದಂಗ. ನೀವು ಬೈದ್ರ ನಿಮಗ ತಿರುಗಿ ಕೇಳಸ್ತದ, ಅಷ್ಟ."

ನನಗೆ ಒಳಗೊಳಗೆ ಹಿಗ್ಗಾಯಿತು. ಮಾತು ಬಾರದೆ ಇರುವುದೂ ಒಂದು ಕೆಲಸಕ್ಕೆ ಬಂತಲ್ಲ ಎಂದುಕೊಂಡೆ.

ಮೊದಲ ವರ್ಷ ನನ್ನ ಕೆಲಸ ಸುಲಭವಿತ್ತು. ಶಹಾಪುರದಿಂದ ಬಸ್ಸಿನ ಮೇಲೆ ಬಟ್ಟೆಯ ಗಂಟು ಬರುತ್ತಿತ್ತು. ಒಂಬತ್ತು ಮನೆಗೆ ಹಂಚುತ್ತಿದ್ದೆ, ಹೊಲಿದದ್ದನ್ನು ಕೂಡಿಸಿ ಮತ್ತೆ ಬಸ್ಸಿಗೆ ಹಾಕುತ್ತಿದ್ದೆ. ಆಮೇಲೆ ಒಂದೊಂದೇ ಸೇರುತ್ತಾ ಹೋಯಿತು. ಪ್ರತಿ ಕೌದಿಯ ಫೋಟೋ ತೆಗೆದು ಕಳಿಸಬೇಕು. ಹೊಲಿಯುವವರ ಕೈ ತೊಳೆದಿದೆ ಎಂದು ಕಾಗದಕ್ಕೆ ಸಹಿ ಮಾಡಬೇಕು. ಸಣ್ಣ ಹುಡುಗಿಯರ ಕೈಯಲ್ಲಿ ಹೊಲಿಸಿಲ್ಲ ಎಂದು ಇನ್ನೊಂದು ಸಹಿ. ಒಮ್ಮೆ ನಾವು ಹೊಲಿಯುತ್ತಾ ನಗುವ ವಿಡಿಯೋ ಬೇಕೆಂದರು. ಕೌದಿ ಹೊಲಿಯುವಾಗ ಕಣ್ಣು ಸೂಜಿಯ ಮೇಲಿರುತ್ತದೆ, ನಗುವುದು ಹೇಗೆ? ಖಾಲಾ, "ನಗೋದು ಬ್ಯಾರೆ ಆರ್ಡರ್ ಅಂತ ಹೇಳಕ್ಕಾ" ಎಂದಳು. ಅದನ್ನು ಕೇಳಿ ಎಲ್ಲರಿಗೂ ನಗು ಬಂತು. ಅದನ್ನೇ ಅಂಗಡಿಯವರ ಮಗ ತೆಗೆದುಕೊಂಡು ಹೋದ.

ಕೊನೆಗೆ ಬಂದದ್ದು ಚೀಟಿ. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ನಂಬರು. ಹೊಲಿದವಳು ತನ್ನ ನಂಬರಿನ ಬಟ್ಟೆಯ ಚೀಟಿಯನ್ನು ಕೌದಿಯ ಅಂಚಿಗೆ ಹಚ್ಚಬೇಕು. ಖಾಲಾಳ ನಂಬರು ನಾಲ್ಕು.

ಇದರ ಜೊತೆಗೆ ಒಂದು ನಿಯಮವಿತ್ತು. ಕೂಸಿನ ಕೌದಿಯೊಳಗೆ ಸೂಜಿಯ ಮುರುಕು ಉಳಿದರೆ ಅನಾಹುತ. ಆದ್ದರಿಂದ ಹೊಲಿಯುವವರು ಮೂರು ಮೂಲೆ ಮುಚ್ಚಿ ನಾಲ್ಕನೆಯದನ್ನು ತೆರೆದು ನನಗೆ ಕೊಡಬೇಕು. ನಾನು ಒಳಗೆ ಬೆರಳು ಆಡಿಸಿ ನೋಡಿ, ಆ ಕೊನೆಯ ಮೂಲೆಯನ್ನು ನಾನೇ ಹೊಲಿಯಬೇಕು. ಯಾರ ಕೌದಿಯಾದರೂ ಕೊನೆಯ ಮೂಲೆ ನನ್ನ ಕೈಯದು.

ಆ ಮೂಲೆಯನ್ನು ಮುಚ್ಚುವ ಮೊದಲು ನಾನು ಅದರೊಳಗೆ ಐದು ಕಾಳು ಜೋಳ ಹಾಕುತ್ತಿದ್ದೆ.

ನಮ್ಮ ಅವ್ವ ಒಂದು ಚೂರು ರೊಟ್ಟಿ ಹಾಕುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಬರುವುದಿಲ್ಲ ಎಂದು ಅವಳ ನಂಬಿಕೆ. ಹಾಕದೆ ಮುಚ್ಚಲು ನನ್ನ ಕೈಗೆ ಬರುತ್ತಲೇ ಇರಲಿಲ್ಲ. ಅದರಲ್ಲೂ ಇವು ಕೂಸುಗಳ ಕೌದಿ. ಯಾವ ಊರಿನ ಯಾವ ಕೂಸೋ, ಅದರ ಮೇಲೆ ಬರಿಹೊಟ್ಟೆಯ ಕೌದಿ ಹೇಗೆ ಹಾಕುವುದು? ನಿಮ್ಮ ಮೂವರ ಕೌದಿಯಲ್ಲೂ ಕಾಳಿವೆ. ಬಿಚ್ಚಿ ನೋಡಬೇಡಿ.

ಇದನ್ನು ನಾನು ಯಾರಿಗೂ ಮುಚ್ಚಿಟ್ಟಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಖಾಲಾ ಮಾತ್ರ ಒಂದು ದಿನ ನೋಡಿದ್ದಳು. "ಕೌದಿಗಿ ಊಟಕ್ಕ ಹಾಕ್ತಿ. ನಾ ಮುಂಜಾನಿಂದ ಕುಂತೀನಿ, ಚಾ ಸುದ್ದಾ ಕೇಳಿಲ್ಲ" ಎಂದಿದ್ದಳು.

ಮನೆಯ ಕೌದಿಯಾದರೆ ದಿನಾ ಝಾಡಿಸುತ್ತೇವೆ, ಬಿಸಿಲಿಗೆ ಹಾಕುತ್ತೇವೆ. ಕಾಳಿಗೆ ಏನೂ ಆಗುವುದಿಲ್ಲ. ಕಂಪನಿಯ ಕೌದಿಗಳು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿಸಿಕೊಂಡು ಮಳೆಗಾಲವಿಡೀ ಗೋದಾಮಿನಲ್ಲಿ ಮಲಗುತ್ತವೆ ಎಂದು ನನಗೆ ತಿಳಿದಿರಲಿಲ್ಲ. ತಿಳಿಸುವವರೂ ಇರಲಿಲ್ಲ. ಮೊದಲು ಹೋದ ಕೌದಿಗಳು ಗೋದಾಮಿನಲ್ಲಿ ನಿಲ್ಲದೆ ಮುಂದೆ ಹೋಗುತ್ತಿದ್ದವಂತೆ. ಆ ವರ್ಷದ ಎಂಬತ್ತು ಕೌದಿ ಮಾತ್ರ ಅಲ್ಲೇ ಉಳಿದಿದ್ದವು.

ಒಂದು ಮಧ್ಯಾಹ್ನ ನಾವೆಲ್ಲ ಪಡಸಾಲೆಯಲ್ಲಿ ಕುಳಿತಿದ್ದಾಗ ಶಹಾಪುರದವರ ಫೋನ್ ಬಂತು. ನನ್ನ ಕಿವಿಗೆ ಫೋನ್ ಸರಿಯಾಗಿ ಕೇಳಿಸುವುದಿಲ್ಲವೆಂದು ಯಾವಾಗಲೂ ಎಲ್ಲರಿಗೂ ಕೇಳುವ ಹಾಗೆ ಹಚ್ಚಿ ನೆಲದ ಮೇಲೆ ಇಡುತ್ತಿದ್ದೆ.

"ಅಕ್ಕಾರ, ನಾಲ್ಕನೇ ನಂಬರ್ ಯಾರ್ದ್ರಿ?"

"ಯಾಕ್ರಿ?" ಎಂದೆ.

"ಕಂಪನಿ ಮೇಡಂ ಗೋದಾಮಿನ್ಯಾಗ ಚೀಲ ಬಿಚ್ಯಾರ. ಒಂದು ಕೌದಿಯಾಗಿಂದ ನುಸಿ ಹೊಂಟಾವಂತ. ಕತ್ತರಿಸಿ ನೋಡಿದ್ರ ಒಳಗ ಜೋಳ. ಹಿಟ್ಟ ಹಿಟ್ಟ ಆಗ್ಯದ. ಕೂಸಿನ ಕೌದಿರಿ ಅಕ್ಕಾರ. ಚೀಟಿ ನೋಡಿದ್ರ ನಾಲ್ಕು ಅದ. ಯಾರ್ದು?"

ಒಂಬತ್ತು ಸೂಜಿಗಳೂ ನಿಂತವು. ಖಾಲಾ ನನ್ನ ಕಡೆ ನೋಡಿದಳು. ಸಿಟ್ಟಿನಿಂದಲ್ಲ. ಈಗ ಹೇಳುತ್ತಾಳೆ ಎಂಬಂತೆ ನೋಡಿದಳು.

ಅಂಗಡಿಯವರೇ ಮುಂದುವರಿಸಿದರು. "ಹೊಲಸು ಮನಿಯಾಗ ಹೊಲದಾರ, ಕಾಳು ಸಿಕ್ಕಿಬಿದ್ದದ ಅಂತ ನಾ ಮೇಡಂಗ ಹೇಳೀನಿ. ಆ ನಾಲ್ಕನೇ ನಂಬರ್ನಾಕಿಗಿ ಕೆಲಸದಿಂದ ಬಿಡಸ್ರಿ. ಉಳದವರದು ನಡೀತದ. ಆತಲ್ಲ?"

ನನ್ನ ತಲೆಯಲ್ಲಿ ಆಗ ಏನು ಓಡಿತು ಎಂಬುದನ್ನು ನಿಮಗೆ ಇದ್ದ ಹಾಗೆ ಬರೆಯುತ್ತೇನೆ. ನಾನು ಹೇಳಿದರೆ ಎಂಬತ್ತೂ ಹೋಗುತ್ತವೆ, ಒಂಬತ್ತೂ ಮನೆಯ ಕೆಲಸ ಹೋಗುತ್ತದೆ. ಹೇಳದಿದ್ದರೆ ಒಂದೇ ಮನೆಯದು. ಇದು ಲೆಕ್ಕದ ಮಾತು. ಆದರೆ ಲೆಕ್ಕಕ್ಕಿಂತ ಮೊದಲು ಬಂದದ್ದು ಹೆದರಿಕೆ. ಎದುರು ಮಾತನಾಡದವಳು ಎಂದು ನನ್ನನ್ನು ಆರಿಸಿದ್ದರು.

"ಹೂಂನ್ರಿ" ಎಂದೆ.

ಫೋನ್ ನಿಂತಿತು. ಖಾಲಾ ತನ್ನ ಕೈಯಲ್ಲಿದ್ದ ಕೌದಿಯ ಸಾಲನ್ನು ಮುಗಿಸಿದಳು. ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಚುಚ್ಚಿ, ಮಡಚಿಟ್ಟು ಎದ್ದು ಹೋದಳು. ಅವಳು ಮಾತಾಡದೆ ಎದ್ದು ಹೋದದ್ದನ್ನು ನಮ್ಮ ಓಣಿ ಅದೇ ಮೊದಲು ಕಂಡದ್ದು. ಉಳಿದವರು, ಕಾಳು ಹೇಗೆ ಹೋಯಿತೋ, ಅವರ ಮನೆಯಲ್ಲಿ ಕೋಳಿ ಇವೆಯಲ್ಲ, ಕೋಳಿಗೆ ಹಾಕಿದ್ದೇ ಇರಬೇಕು ಎಂದು ಮಾತಾಡಿಕೊಂಡರು. ನಾನು ಅದಕ್ಕೂ ಸುಮ್ಮನಿದ್ದೆ.

ಮರುದಿನ ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಒಂದು ಗಂಟು ಇತ್ತು. ಕಂಪನಿಯ ಬಟ್ಟೆ, ದಾರದ ಉಂಡೆ, ಕತ್ತರಿ. ಎಲ್ಲದರ ಮೇಲೆ ನಾಲ್ಕು ಎಂದು ಬರೆದ ಚೀಟಿಗಳು, ಉಳಿದಷ್ಟೂ, ಒಂದರ ಮೇಲೊಂದು ಜೋಡಿಸಿ ದಾರ ಕಟ್ಟಿದ್ದಳು. ಅವಳ ಬಾಗಿಲು ತೆರೆದಿತ್ತು. ಒಳಗೆ ಅವಳು ಕಸ ಹೊಡೆಯುತ್ತಿದ್ದಳು, ಕಾಣುತ್ತಿತ್ತು. ನಮ್ಮ ಬಾಗಿಲಿಗೂ ಅವಳ ಬಾಗಿಲಿಗೂ ಹತ್ತು ಹೆಜ್ಜೆ. ನಾನು ಹೊಸ್ತಿಲು ದಾಟಲಿಲ್ಲ.

ನೀವು ಸಣ್ಣವರಿದ್ದಾಗ ನಿಮ್ಮ ಅವ್ವನಿಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ, ನಿಮ್ಮಲ್ಲಿ ಕಿರಿಯವನನ್ನು ಹನ್ನೊಂದು ದಿನ ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡವಳು ಅವಳು. ಮುತ್ಯಾ ಹೋದ ದಿನ ನನ್ನ ತಲೆಗೆ ನೀರು ಹಾಕಿದವಳು. ಇದೆಲ್ಲ ನನಗೆ ಆ ಗಂಟು ಬಿಚ್ಚುವಾಗ ನೆನಪಾಯಿತು, ಫೋನಿನ ಹೊತ್ತಿನಲ್ಲಿ ಯಾಕೆ ನೆನಪಾಗಲಿಲ್ಲವೋ ಗೊತ್ತಿಲ್ಲ.

ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ಬೇರೆ ಸೀರೆ ಉಟ್ಟು, ಬಸ್ ಸ್ಟ್ಯಾಂಡಿಗೆ ಹೋದೆ. ನಾನು ಒಬ್ಬಳೇ ಯಾದಗಿರಿಗೆ ಹೋದವಳಲ್ಲ. ಶಹಾಪುರದಲ್ಲಿ ಬಸ್ ಬದಲಿಸಬೇಕು. ಎಲ್ಲಿ ಇಳಿಯಬೇಕೆಂದು ಕಂಡಕ್ಟರನನ್ನು ಕೇಳಲು ನಾಚಿಕೆ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡ ಕಂಡಾಗಲೇ ಎದ್ದು ನಿಂತುಬಿಟ್ಟೆ. "ಕುಂದ್ರವ್ವ, ಇನ್ನೂ ದೂರ ಅದ, ಬುದ್ಧ ಎಲ್ಲಿಗೂ ಹೋಗಂಗಿಲ್ಲ" ಎಂದು ಪಕ್ಕದಲ್ಲಿದ್ದ ಮುದುಕಿ ಸೆರಗು ಹಿಡಿದು ಕೂರಿಸಿದಳು.

ಶಹಾಪುರದಲ್ಲಿ ಮೊದಲು ಅಂಗಡಿಯವರ ಹತ್ತಿರ ಹೋದೆ. ಅವರನ್ನು ದಾಟಿ ಮೇಲಿನವರ ಹತ್ತಿರ ಹೋಗುವುದು ಸರಿಯಲ್ಲ ಎನಿಸಿತು. ನನ್ನನ್ನು ಒಬ್ಬಳನ್ನೇ ಕಂಡು ಅವರು ಗಾಬರಿಯಾದರು. ಚಹಾ ತರಿಸಿದರು. ನಾನು ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ.

"ಸಾವ್ಕಾರ್ರ, ಕಾಳು ನಾ ಹಾಕೀನ್ರಿ. ಎಲ್ಲಾದ್ರಾಗೂ ಹಾಕೀನಿ. ನಾಲ್ಕನೇ ನಂಬರ್ನಾಕಿದು ತಪ್ಪಿಲ್ಲ."

ಅವರು ಗಾದಿಯ ಮೇಲಿನ ಬಟ್ಟೆಯನ್ನು ಸವರಿದರು.

"ಅಕ್ಕಾರ, ಒಂದು ನಂಬರಿಗಿ ಮುಗದದ. ನೀವ್ಯಾಕ ಎಂಬತ್ತಕ್ಕೂ ಬೆಂಕಿ ಹಚ್ಚತೀರಿ?"

ನಾನು ಚಹಾದ ಕಪ್ಪು ಕೆಳಗಿಟ್ಟೆ.

"ನಮ್ಮಪ್ಪ ಸೈಕಲ್ ಮ್ಯಾಲ ಹಳ್ಳಿಗಿ ಹೋಗಿ ಸಿಂಪಿಗ್ಯಾರಿಗಿ ಹೊಲಿಯಾಕ ಅರಬಿ ಕೊಡ್ತಿದ್ದ" ಎಂದರು ಅವರು, ನನಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ತಿಳಿಯದ ಹಾಗೆ. "ಅಂಗಿ ತೋಳು ಗಿಡ್ಡ ಆದ್ರ ಸಿಂಪಿಗ್ಯಾಗ ಬೈದು ಅದನ್ನ ತಾನೇ ಹಾಕ್ಕೊತಿದ್ದ. ಮುಗೀತು. ಈಗ ಮ್ಯಾಲಿನವರು ನನಗ ಕೇಳ್ತಾರ, ನಾ ನಿಮಗ ಕೇಳ್ತೀನಿ, ನೀವು ಕೆಳಗ ನೋಡ್ತೀರಿ. ತನ್ ಕೆಳಗ ಯಾರಿಲ್ಲದಾಕಿ ಸಿಗೋ ತನ ತಪ್ಪು ಹಿಂಗ ಇಳಕೋತ ಹೋಗ್ತದ."

"ಅದಕ್ಕ ಬಂದೀನ್ರಿ" ಎಂದೆ.

ಅವರು ನಕ್ಕಂತೆ ಮಾಡಿದರು. "ಹೋಗ್ರಿ ಮತ್ತ. ಆದ್ರ ನೀವು ನನ್ ಅಂಗಡಿಗಿ ಬಂದೇ ಇಲ್ಲ, ನಾ ಏನೂ ಕೇಳಿಲ್ಲ." ಹಾಗೆಂದವರು ನನ್ನನ್ನು ಯಾದಗಿರಿ ಬಸ್ಸಿನವರೆಗೆ ಕರೆದುಕೊಂಡು ಬಂದು, ಕಂಡಕ್ಟರನಿಗೆ ಎಲ್ಲಿ ಇಳಿಸಬೇಕೆಂದು ಹೇಳಿ, ಕಿಟಕಿಯಿಂದ ಒಂದು ನೀರಿನ ಬಾಟಲಿ ಕೊಟ್ಟು ಹೋದರು.

ಗೋದಾಮು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಮೇಡಂ ಎಂದರೆ ವಯಸ್ಸಾದವರು ಎಂದುಕೊಂಡಿದ್ದೆ. ನಿಮ್ಮಲ್ಲಿ ದೊಡ್ಡವಳಿಗಿಂತ ನಾಲ್ಕೈದು ವರ್ಷ ಹೆಚ್ಚಿನ ಹುಡುಗಿ. ಬೆಂಗಳೂರು ಕಡೆಯ ಮಾತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೌದಿಯ ಚೀಲಗಳನ್ನು ಎಣಿಸುತ್ತಿದ್ದಳು. ನನ್ನನ್ನು ಕಂಡು ಬಟ್ಟೆ ಇಳಿಸಿ, "ಕೂತ್ಕೊಳ್ಳಿ ಅಮ್ಮ, ಯಾರು ಬೇಕಿತ್ತು?" ಎಂದಳು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಮೇಜಿನ ಮೇಲೆ ಕತ್ತರಿಸಿದ ಆ ಕೌದಿ ಇತ್ತು, ನೀಲಿಯ ಮೇಲೆ ಹಳದಿ ತೇಪೆ, ಖಾಲಾಳ ಸಣ್ಣ ಹೊಲಿಗೆ. ಮೂಲೆಯಲ್ಲಿ ಮಾತ್ರ ನನ್ನ ಹೊಲಿಗೆ. ಅದನ್ನು ಕೈಗೆ ತೆಗೆದುಕೊಂಡು ಮೂಲೆಯನ್ನು ತೋರಿಸಿದೆ.

"ಇದು ನನ್ ಕೈರಿ. ಉಳದದ್ದು ಆಕಿದು. ಕಾಳು ಹಾಕ್ದಾಕಿ ನಾನು."

"ನೀವೇ ಹಾಕಿದ್ದಾ? ಬೇಕೂಂತ?"

"ಹೌದ್ರಿ."

"ಯಾಕಮ್ಮ?"

"ಹೊಟ್ಟಿ ಖಾಲಿ ಇರಬಾರದಂತರಿ."

"ಯಾರ ಹೊಟ್ಟೆ?"

"ಕೌದೀದು."

ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕುಳಿತಳು. "ಒಂದು ಮಗು ಮೈಮೇಲೆ ಈ ಹುಳ ಹರಿದಿದ್ರೆ?" ಎಂದು ಕೇಳಿದಳು. ಜೋರಾಗಿ ಕೇಳಲಿಲ್ಲ. ಕೂಸುಗಳ ಮೇಲಿನ ಕಾಳಜಿಯಿಂದಲೇ ಹಾಕಿದ್ದು ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೇಳಲಿಲ್ಲ.

"ಎಷ್ಟು ಪೀಸಲ್ಲಿದೆ?"

"ಎಂಬತ್ತರಾಗೂ ಅದರಿ."

ಅವಳು ಯಾರಿಗೋ ಫೋನ್ ಮಾಡಿದಳು. ಇಂಗ್ಲಿಷಿನಲ್ಲಿ ಮಾತಾಡಿದಳು. ಅವಳ ಮೇಲೂ ಒಬ್ಬರಿದ್ದಾರೆ ಎಂದು ಆಗ ತಿಳಿಯಿತು. ಮಾತಾಡುವಾಗ ಅವಳೂ ನನ್ನಂತೆಯೇ ನೆಲ ನೋಡುತ್ತಿದ್ದಳು. ಫೋನಿಟ್ಟು ಹೇಳಿದಳು: ಎಂಬತ್ತೂ ಕೌದಿಯ ಮೂಲೆ ಬಿಚ್ಚಿ, ಕಾಳು ತೆಗೆದು, ತೊಳೆದು, ಒಣಗಿಸಿ, ಮತ್ತೆ ಹೊಲಿದು ಹತ್ತು ದಿನದಲ್ಲಿ ಕೊಟ್ಟರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಎಲ್ಲರದೂ ಹೋಗುತ್ತದೆ. ತಪ್ಪು ಯಾರದೆಂದು ನಾನು ಬರೆದು ಕೊಡಬೇಕು.

ಬರೆಯುವುದು ನನಗೆ ಬರುವ ಕೆಲಸ. ಕಾಗದ ಕೇಳಿ ಬರೆದೆ. ಕಾಳು ಹಾಕಿದವಳು ನಾನು, ನಾಲ್ಕನೇ ನಂಬರಿನವರಿಗೂ ಉಳಿದ ಎಂಟು ಜನಕ್ಕೂ ಇದರಲ್ಲಿ ಸಂಬಂಧವಿಲ್ಲ, ಎಂದು ಬರೆದು ಕೆಳಗೆ ಪೂರ್ತಿ ಹೆಸರು ಹಾಕಿದೆ. ಹುಡುಗಿ ಓದಿ ನೋಡಿ, "ಫೋನಲ್ಲಿ ಹೇಳಿದ್ರೆ ಸಾಕಿತ್ತಲ್ಲಮ್ಮ, ಇಷ್ಟು ದೂರ ಬಂದ್ರಿ" ಎಂದಳು. ಫೋನಿನಲ್ಲಿ ಹೇಳಲು ಬಂದಿದ್ದರೆ ನಾನು ಇಷ್ಟು ದೂರ ಬರುತ್ತಿರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು.

ಕೌದಿಗಳು ಟೆಂಪೋದಲ್ಲಿ ಸುರಪುರಕ್ಕೆ ವಾಪಸ್ಸು ಬಂದವು. ಒಂಬತ್ತು ಜನರಲ್ಲಿ ಎಂಟು ಜನ ಬಂದು ಕುಳಿತರು. ನಾನು ನಡೆದದ್ದನ್ನು ಎಲ್ಲರೆದುರು ಹೇಳಿದೆ. ಯಾರೂ ನನ್ನನ್ನು ಬೈಯಲಿಲ್ಲ, ಆದರೆ ಬಿಡಲೂ ಇಲ್ಲ.

"ಅಕ್ಕಾ, ಬರೀ ಜೋಳಾನ? ಪಲ್ಯಾ ಹಾಕಿಲ್ಲಲ್ಲ?"

"ಹಿಂಡಿ ಹಾಕಿದ್ರ ನುಸಿ ಬರ್ತಿದ್ದಿಲ್ಲ, ಖಾರಕ್ಕ ಓಡಿ ಹೋಗ್ತಿದ್ವು."

"ನಾವು ಪಾಪ, ಆ ಬಡಪಾಯಿ ಕೋಳಿಗಿ ಬೈದ್ವಿ."

ಕೋಳಿಯ ಮಾತು ಬಂದಾಗ ಎಲ್ಲರೂ ಎದುರು ಮನೆಯ ಕಡೆ ನೋಡಿದರು. ನಾನು ಸೂಜಿ ಇಟ್ಟು ಎದ್ದೆ.

ಖಾಲಾ ಅಂಗಳದಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಅವಳ ಎದುರಿಗೆ ನೆಲದ ಮೇಲೆ ಕುಳಿತೆ. ಮೊರದ ಒಂದು ಅಂಚಿನಿಂದ ನಾನೂ ಹರಳು ಆರಿಸತೊಡಗಿದೆ. ಅವಳು ತಡೆಯಲಿಲ್ಲ.

"ಒಬ್ಬಾಕಿನೇ ಯಾದಗಿರಿಗಿ ಹೋಗಿದ್ದಿ ಅಂತ" ಎಂದಳು.

"ಹೂಂ."

"ಬಸ್ ಬದಲಿ ಮಾಡಾಕ ಬಂತಾ?"

"ಬಂತು."

"ಎರಡು ದಿನ ತಡ ಆತು."

"ಹೌದು."

"ಎರಡು ದಿನ ನಾ ಬಾಗಲಾ ಹಾಕಿಲ್ಲ ಅಕ್ಕಾ. ಈಗ ಬರ್ತಿ, ಈಗ ಬರ್ತಿ ಅಂತ. ಸಾವ್ಕಾರ ಹೊಲಸು ಮನಿ ಅಂದಾಗ ನಂಗೇನೂ ಅನಸ್ಲಿಲ್ಲ. ಆತ ನನ್ ಮನಿ ನೋಡ್ಯಾನೇನು? ನೀ ನೋಡೀದಿ. ನೀ ಹೂಂ ಅಂದಿ."

ನನಗೆ ಕಣ್ಣು ಮಂಜಾಗಿ ಹರಳು ಯಾವುದು ಬೇಳೆ ಯಾವುದು ತಿಳಿಯಲಿಲ್ಲ. ತಪ್ಪಾಯಿತು ಎಂದೆ. ಬಾಯಲ್ಲಿ ಆ ಮಾತು ಬಂತು, ಅಷ್ಟೇ.

"ನೀನೂ ಹೇಳಬಹುದಿತ್ತಲ್ಲ" ಎಂದು ಕೇಳಿದೆ. "ಕಾಳು ಹಾಕೋದು ನೋಡಿದ್ದಿ."

"ನಾ ಹೇಳಿದ್ರ ಚಾಡಿ ಆಗ್ತಿತ್ತು. ನೀ ಹೇಳಿದ್ರ ಮಾತು ಆಗ್ತಿತ್ತು." ಮೊರವನ್ನು ಒಮ್ಮೆ ಕೇರಿದಳು. "ಹರಳು ಬಿಟ್ಟು ಬ್ಯಾಳಿ ಚೆಲ್ಲಾಕತ್ತಿ. ಇಡು ಅದನ್ನ."

ಇಟ್ಟೆ. ಆಗ ಅವಳು ತನ್ನ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಗಲಿಲ್ಲ.

"ಕೆಲಸದ ಫೋನ್ ಕೊಡು. ಸಾವ್ಕಾರ ಇನ್ಮ್ಯಾಲ ನನಗ ಮಾತಾಡ್ಲಿ. ನೀ ಮಾತಾಡಂಗಿಲ್ಲ ಅಂತ ನಿನಗ ಈ ಕೆಲಸ ಕೊಟ್ಟಾನ. ಈಗಿನ ಕೆಲಸಕ್ಕ ಮಾತಾಡಾಕಿನೇ ಬೇಕು ಅಕ್ಕಾ. ಗಂಟು ಹೊರೋದು ಅಷ್ಟೇ ಇದ್ದಾಗ ನೀ ಇದ್ದಿ, ಚಲೋ ಇತ್ತು. ಈಗ ಮ್ಯಾಲಿಂದ ಏನ್ ಬಂದ್ರೂ ನಡುವಿನಾಕಿ ತಡೀಬೇಕು. ನಿನಗ ಅದು ಆಗಂಗಿಲ್ಲ."

ಯಾದಗಿರಿಯವರೆಗೆ ಹೋಗಿ ಬಂದಿದ್ದೇನೆ ಎಂದು ಹೇಳಬಹುದಿತ್ತು. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಆ ಒಂದು ದಿನ ಹೋಗಿ ಬಂದದ್ದಕ್ಕೆ ನನ್ನ ಬದುಕಿನ ಧೈರ್ಯವೆಲ್ಲ ಖರ್ಚಾಗಿತ್ತು. ಫೋನನ್ನು ಅವಳ ಕೈಯಲ್ಲಿಟ್ಟೆ. ಇಟ್ಟಾಗ ಹೆಗಲು ಹಗುರಾಯಿತು.

ಅವಳು ಬಂದು ಕುಳಿತ ಮೇಲೆ ಕೆಲಸದ ದಾರಿಯೇ ಬೇರೆಯಾಯಿತು. ಇಬ್ಬರು ಬಿಚ್ಚುವುದು, ಇಬ್ಬರು ತೊಳೆಯುವುದು, ಉಳಿದವರು ಹೊಲಿಯುವುದು. ಎಂಬತ್ತು ಸಣ್ಣ ಕೌದಿಗಳು ಓಣಿಯ ಎರಡೂ ಕಡೆಯ ಮಾಳಿಗೆಗಳ ಮೇಲೆ ಒಣಗಿದವು. ಒಂಬತ್ತನೆಯ ದಿನ ಕೊನೆಯ ಮೂಲೆ ಮುಚ್ಚಿದೆವು. ಖಾಲಿ ಮುಚ್ಚಿದೆವು. ಕಂಪನಿಯ ಕೌದಿಗೆ ಈಗ ಏನೂ ಹಾಕುವುದಿಲ್ಲ, ನನ್ನ ಕೈಗೆ ಅದು ರೂಢಿಯಾಗಲು ಬಹಳ ದಿನ ಹಿಡಿಯಿತು. ಮೊದಲ ನಾಲ್ಕು ದಿನ ಅವಳು ನನ್ನಿಂದ ದೂರದ ಕಂಬಕ್ಕೆ ಒರಗಿ ಕುಳಿತಿದ್ದಳು. ಅಂಗಳದಲ್ಲಿ ಅಕ್ಕಾ ಎಂದವಳು ಎಲ್ಲರೆದುರು ಅಕ್ಕಾ ಎನ್ನದೆ, ಹೆಸರೂ ಹೇಳದೆ, "ಅದನ್ನ ಇತ್ತ ಕೊಡ್ರಿ" ಎನ್ನುತ್ತಿದ್ದಳು. ಆ 'ರಿ' ನನ್ನನ್ನು ಚುಚ್ಚುತ್ತಿತ್ತು. ಐದನೆಯ ದಿನ ಮಾಳಿಗೆಯ ಮೇಲೆ ಕೌದಿ ತಿರುಗಿಸಿ ಹಾಕುವಾಗ, "ಅಕ್ಕಾ, ಬಿಸಲಾಗ ನಿಲ್ಲಬ್ಯಾಡ, ತಲಿ ತಿರಗ್ತದ" ಎಂದಳು. ನಾನು ಕೇಳಿಸದವಳಂತೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ, ಅವಳು ಇನ್ನೊಮ್ಮೆ ಕರೆಯಲಿ ಎಂದು. ಇನ್ನೊಮ್ಮೆ ಕರೆದಳು, ಬೈದು ಕರೆದಳು.

ಇದು ನಡೆದು ಮೂರು ವರ್ಷವಾಯಿತು. ಪುಸ್ತಕದಲ್ಲಿ ಏನು ಬರೆದಿದೆಯೋ ನನಗೆ ಗೊತ್ತಿಲ್ಲ. ಈಗ ನಮ್ಮಲ್ಲಿ ಸಬ್ ಕಾಂಟ್ರಾಕ್ಟರ್ ನಿಮ್ಮ ಖಾಲಾ. ಕೌದಿ ಗೋದಾಮಿನಲ್ಲಿ ಎಷ್ಟು ದಿನ ಇರುತ್ತದೆ, ಯಾವ ಚೀಲದಲ್ಲಿ ಇರುತ್ತದೆ ಎಂದು ಮೊದಲೇ ಕೇಳುತ್ತಾಳೆ. ಬಟ್ಟೆ ಬಣ್ಣ ಬಿಡುತ್ತದೆಂದು ಎರಡು ಸಲ ವಾಪಸ್ಸು ಕಳಿಸಿದ್ದಾಳೆ. ಎಳ್ಳಮಾವಾಸ್ಯೆಗೂ ರಮಜಾನಿಗೂ ಕೆಲಸ ಕಡಿಮೆ ಎಂದು ಮೊದಲೇ ಬರೆಸಿಕೊಂಡಿದ್ದಾಳೆ. ಬರೆದು ಕೊಡುವುದು ನಾನೇ, ಅವಳು ಹೇಳಿದ ಹಾಗೆ. ಯಾದಗಿರಿಯ ಹುಡುಗಿ ಈಗ ಕೆಲವೊಮ್ಮೆ ಶಹಾಪುರದವರನ್ನು ಬಿಟ್ಟು ನೇರವಾಗಿ ಅವಳಿಗೇ ಫೋನ್ ಮಾಡುತ್ತಾಳೆ. ಶಹಾಪುರದವರು ಅದಕ್ಕೆ ಸ್ವಲ್ಪ ಮುನಿಸಿಕೊಂಡಿದ್ದಾರೆ. ಅವರ ಪಾಲಿಗೆ ಈಗ ಗಂಟು ಕಳಿಸುವ ಕೆಲಸವಷ್ಟೇ ಉಳಿದಿದೆ, ಮೊದಲು ನನ್ನದಿದ್ದಂತೆ. ಆದರೂ ಖಾಲಾ ಶಹಾಪುರದವರ ಮನೆಯ ಮದುವೆಗೆ ಹೋಗಿ ಉಂಡು ಬಂದಳು.

ಚೀಟಿಗಳ ವಿಷಯದಲ್ಲಿ ಮಾತ್ರ ಅವಳು ಯಾರ ಮಾತೂ ಕೇಳಲಿಲ್ಲ. ಒಂಬತ್ತು ನಂಬರು ಬೇಡ, ಓಣಿಗೆಲ್ಲ ಒಂದೇ ನಂಬರು ಕೊಡಿ ಎಂದು ಹಟ ಹಿಡಿದಳು. ಕಂಪನಿಯವರು ಒಂದು ವರ್ಷ ಒಪ್ಪಲಿಲ್ಲ, ಆಮೇಲೆ ಒಪ್ಪಿದರು.

ನಾನು ಅವಳ ಕೈಕೆಳಗೆ ಹೊಲಿಯುತ್ತೇನೆ. ನನ್ನ ಕಣ್ಣು ಈಗೀಗ ಮೊದಲಿನಂತಿಲ್ಲ. ಹೋದ ವಾರ ನಾನು ಹೊಲಿದ ಒಂದು ಕೌದಿ ಯಾದಗಿರಿಯಿಂದ ತಿರುಗಿ ಬಂತು, ಅಂಚಿನ ಹೊಲಿಗೆ ಅಗಲವಾಗಿದೆ ಎಂದು. ಖಾಲಾ ಎಲ್ಲರೆದುರು ನನ್ನನ್ನು ಬೈದಳು. "ಇದರಾಗ ಬೆಕ್ಕು ತೂರ್ತದ, ನೋಡು" ಎಂದು ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿ ತೋರಿಸಿದಳು. ನಾನು ಬಿಚ್ಚಲು ಕುಳಿತೆ. ಆಗಲೇ ಫೋನ್ ಬಂತು. ಈಗಲೂ ಎಲ್ಲರಿಗೂ ಕೇಳುವ ಹಾಗೆಯೇ ಹಚ್ಚುತ್ತಾಳೆ. ಶಹಾಪುರದ ಅಂಗಡಿಯವರು.

"ವಾಪಸ್ ಬಂದದ್ದು ಯಾರ್ದದು? ಯಾರು ಹೊಲದಾರ?"

ಖಾಲಾ ನನ್ನ ಕಡೆ ನೋಡಲೂ ಇಲ್ಲ.

"ನಮ್ದು" ಎಂದಳು.